ಟ್ರಯಂಫ್ ಥಂಡರ್‌ಬರ್ಡ್ 6ಟಿ (1955): ನಿಂತಲ್ಲೇ ಟ್ಯಾಂಕಿನ ಆಯಿಲ್ ಸಂಪ್‌ಗೆ ಇಳಿಯುತ್ತಿದೆ, ಪಂಪಿನ ಚೆಕ್ ವಾಲ್ವ್ ಸರಿಮಾಡುವುದು ಹೇಗೆ?

ಪ್ರಶ್ನೆ: ಹಳೇಗಾಡಿ_ಹಾಸನ

ಎಲ್ಲರಿಗೂ ನಮಸ್ಕಾರ. ಗಾಡಿ 1955ರ ಥಂಡರ್‌ಬರ್ಡ್ 6ಟಿ, 649 ಸಿಸಿ, ಎಂಜಿನ್ ಬೇರೆ ಗೇರ್‌ಬಾಕ್ಸ್ ಬೇರೆ ಇರುವ ಪ್ರಿ-ಯೂನಿಟ್. ಕಾಯಿಲ್ ಇಗ್ನಿಷನ್. ಆಯಿಲ್ 20ಡಬ್ಲ್ಯು-50.

ತೊಂದರೆ ಇದು. ಈ ಗಾಡಿಯಲ್ಲಿ ಆಯಿಲ್ ಬೇರೆ ಟ್ಯಾಂಕಿನಲ್ಲಿರುತ್ತದೆ, ಎಂಜಿನ್ನಿನ ತಳಭಾಗವಾದ ಸಂಪ್ ಬಹುಪಾಲು ಖಾಲಿ ಇರಬೇಕು. ಟ್ಯಾಂಕನ್ನು ಗುರುತಿನವರೆಗೆ ತುಂಬಿಸಿ ನಿಲ್ಲಿಸಿದರೆ ಮೂರು ದಿನಕ್ಕೆ ಸಂಪ್ ಪ್ಲೇಟ್ ಬಿಚ್ಚಿದಾಗ 600 ಮಿ.ಲೀ. ಆಯಿಲ್ ಬರುತ್ತದೆ. ಹಾಗೇ ಕಿಕ್ ಹೊಡೆದರೆ ಕಿಕ್ ಭಾರ, ಸ್ಟಾರ್ಟ್ ಆದ ಮೇಲೆ ಎರಡು ನಿಮಿಷ ನೀಲಿ ಹೊಗೆ, ಎಂಜಿನ್ ಒಳಗಿನ ಗಾಳಿ ಹೊರಬಿಡುವ ಬ್ರೀದರ್ ಪೈಪಿನಿಂದ ನೆಲಕ್ಕೆ ಆಯಿಲ್. ಆಮೇಲೆ ಎಲ್ಲ ಸರಿ. ಪ್ರೆಷರ್ ತೋರಿಸುವ ಟೆಲ್-ಟೇಲ್ ಬಟನ್ ಸ್ಟಾರ್ಟ್ ಆದ ಕೂಡಲೇ ಹೊರಗೆ ಬರುತ್ತದೆ, ಬಿಸಿಯಾದ ಮೇಲೂ ಒಳಗೆ ಹೋಗುವುದಿಲ್ಲ.

ಕೇಳಬೇಕಾದ್ದು ಮೂರು:
1. ಪ್ರೆಷರ್ ಚೆನ್ನಾಗಿರುವಾಗ ಪಂಪಿನ ಬಾಲ್ ವಾಲ್ವ್ (ಆಯಿಲ್ಲನ್ನು ಒಂದೇ ದಿಕ್ಕಿಗೆ ಬಿಡುವ ಚೆಕ್ ವಾಲ್ವ್) ಕೆಟ್ಟಿದೆ ಅನ್ನಬಹುದೇ?
2. ಬಾಲ್ ಮತ್ತು ಅದು ಕೂತು ಮುಚ್ಚುವ ಅಂಚು, ಅಂದರೆ ಸೀಟ್, ಸರಿಮಾಡುವ ಕ್ರಮ ಏನು?
3. ಟ್ಯಾಂಕಿನಿಂದ ಬರುವ ಫೀಡ್ ಪೈಪಿನ ಮಧ್ಯೆ ಸ್ಪ್ರಿಂಗ್ ಇರುವ ಚೆಕ್ ವಾಲ್ವ್ ಹಾಕಿ ಕೆಲಸ ಮುಗಿಸಬಹುದು ಎನ್ನುತ್ತಾರೆ. ಅದು ಸರಿಯೇ?

---

ಪ್ಲಂಜರ್_ಮೈಸೂರು

ಸರ್, ಮೊದಲ ಪ್ರಶ್ನೆಗೆ ನೇರ ಉತ್ತರ: ಹೌದು, ಅನ್ನಬಹುದು. ಪ್ರೆಷರ್ ಸರಿ ಇದ್ದರೂ ಬಾಲ್ ಸೋರಬಹುದು. ಕಾರಣ ಪಂಪಿನ ರಚನೆಯಲ್ಲೇ ಇದೆ.

ಟ್ರಯಂಫ್ ಪಂಪಿನಲ್ಲಿ ಎರಡು ಪ್ಲಂಜರ್, ಅಂದರೆ ಬೋರಿನೊಳಗೆ (ಕೊಳವೆಯಂಥ ತೂತಿನೊಳಗೆ) ಆಡುವ ದಂಡಗಳು, ಇವೆ. ಸಣ್ಣದು ಫೀಡ್ (ಟ್ಯಾಂಕಿನಿಂದ ಎಂಜಿನ್ನಿಗೆ), ದಪ್ಪದು ರಿಟರ್ನ್ (ಸಂಪ್‌ನಿಂದ ವಾಪಸ್ ಟ್ಯಾಂಕಿಗೆ). ಇನ್‌ಲೆಟ್ ಕ್ಯಾಮ್‌ಶಾಫ್ಟಿನ ನಟ್ ಮೇಲಿರುವ ಮೊಳೆ ಒಂದು ಡ್ರೈವ್ ಬ್ಲಾಕಿನ ಮೂಲಕ ಎರಡನ್ನೂ ಒಟ್ಟಿಗೆ ಮೇಲೆ ಕೆಳಗೆ ಆಡಿಸುತ್ತದೆ, ಎಂಜಿನ್ ವೇಗದ ಅರ್ಧದಷ್ಟು ವೇಗದಲ್ಲಿ. ಪ್ಲಂಜರ್ ಮೇಲೆ ಹೋದಾಗ ಬೋರಿನ ಪಕ್ಕದಲ್ಲಿರುವ ಇನ್‌ಲೆಟ್ ರಂಧ್ರ ತೆರೆದುಕೊಳ್ಳುತ್ತದೆ, ಆಯಿಲ್ ಒಳಗೆ ಬರುತ್ತದೆ. ಕೆಳಗೆ ಬಂದಾಗ ರಂಧ್ರವನ್ನು ಪ್ಲಂಜರ್ ತಾನೇ ಮುಚ್ಚಿ, ಒಳಗಿನ ಆಯಿಲ್ಲನ್ನು ಕೆಳಗಿರುವ ಬಾಲ್ ದಾಟಿಸಿ ಹೊರಗೆ ತಳ್ಳುತ್ತದೆ. ಅಂದರೆ ಬಾಲ್ ಇರುವುದು ಔಟ್‌ಲೆಟ್ ಕಡೆ.

ಈಗ ನೋಡಿ. ಎಂಜಿನ್ ಓಡುವಾಗ ಪಂಪಿನಾಚೆಯ ಆಯಿಲ್ ದಾರಿಯಲ್ಲಿರುವ (ಗ್ಯಾಲರಿ) 60–80 ಪಿ.ಎಸ್.ಐ. ಪ್ರೆಷರ್ ಬಾಲನ್ನು ಹಿಂದಕ್ಕೆ, ಸೀಟಿನ ಮೇಲೆ ಒತ್ತಿ ಹಿಡಿಯುತ್ತದೆ. ಸೀಟ್ ಸ್ವಲ್ಪ ಹಾಳಾಗಿದ್ದರೂ ಆ ಒತ್ತಡಕ್ಕೆ ಕೂತುಬಿಡುತ್ತದೆ. ಗಾಡಿ ನಿಂತಾಗ ಪರಿಸ್ಥಿತಿ ತಿರುವುಮುರುವು. ಟ್ಯಾಂಕಿನ ಆಯಿಲ್ಲಿನ ಭಾರ ಬಾಲನ್ನು ಸೀಟಿನಿಂದ ಎಬ್ಬಿಸುವ ದಿಕ್ಕಿನಲ್ಲಿ ಕೆಲಸ ಮಾಡುತ್ತದೆ, ತಡೆಯುವುದಕ್ಕೆ ಆ ಪುಟ್ಟ ಸ್ಪ್ರಿಂಗ್ ಒಂದೇ.

ಆ ಭಾರ ಎಷ್ಟು? ಪಂಪಿನಿಂದ ಟ್ಯಾಂಕಿನ ಆಯಿಲ್ ಮಟ್ಟಕ್ಕೆ 45 ಸೆಂ.ಮೀ. ಎತ್ತರ ಎಂದಿಟ್ಟುಕೊಳ್ಳಿ. ಆಯಿಲ್ ಸಾಂದ್ರತೆ 0.88. ಚದರ ಸೆಂಟಿಮೀಟರಿಗೆ ಸುಮಾರು 40 ಗ್ರಾಂ. ಬಾಲ್ ಮುಚ್ಚುವ ರಂಧ್ರ ನಾಲ್ಕೂವರೆ ಮಿ.ಮೀ. ಇದ್ದರೆ ಬಾಲಿನ ಮೇಲೆ ಬೀಳುವ ಬಲ ಆರೇಳು ಗ್ರಾಂ ಅಷ್ಟೇ. ಒಳ್ಳೆಯ ಸ್ಪ್ರಿಂಗಿಗೆ ಇದು ಲೆಕ್ಕಕ್ಕೇ ಇಲ್ಲ. ಆದರೆ ಸ್ಪ್ರಿಂಗ್ ಒತ್ತುವುದೂ ಮೆಲ್ಲಗೇ. ಆದ್ದರಿಂದ ಸೀಟಿನ ಮೇಲೆ ಒಂದು ಕೂದಲೆಳೆಯಷ್ಟು ಕಸ ಇದ್ದರೂ ಅದನ್ನು ಅದುಮಿ ಮುಚ್ಚುವ ಶಕ್ತಿ ಅದಕ್ಕಿರುವುದಿಲ್ಲ.

ಮೂರು ದಿನಕ್ಕೆ 600 ಎಂದರೆ ಗಂಟೆಗೆ 8 ಮಿ.ಲೀ., ನಿಮಿಷಕ್ಕೆ ನಾಲ್ಕೈದು ಹನಿ. ಪ್ಲಂಜರ್ ಪಂಪಿಗೆ ಇದು ತುಂಬಾ ಜಾಸ್ತಿ. ಎರಡು ವಾರಕ್ಕೆ ಒಂದಿನ್ನೂರು ಮಿ.ಲೀ. ಇಳಿದರೆ ಬಿಟ್ಟುಬಿಡಿ, ಇದನ್ನು ಬಿಡುವ ಹಾಗಿಲ್ಲ.

ಆದರೆ ಪಂಪ್ ಬಿಚ್ಚುವ ಮೊದಲು ಒಂದು ಅಳತೆ ಬೇಕು. ಸಂಪ್‌ನಲ್ಲಿ ಆಯಿಲ್ ಸೇರುವುದಕ್ಕೆ ಎರಡು ಬೇರೆ ಬೇರೆ ಕಾರಣ ಇವೆ: ನಿಂತಾಗ ಇಳಿಯುವುದು ಒಂದು, ಓಡುವಾಗ ರಿಟರ್ನ್ ಪಂಪ್ ಪೂರ್ತಿ ಎತ್ತದೆ ಉಳಿಯುವುದು ಇನ್ನೊಂದು. ಇಪ್ಪತ್ತು ನಿಮಿಷ ಓಡಿಸಿ, ನಿಲ್ಲಿಸಿದ ತಕ್ಷಣ ಸಂಪ್ ಪ್ಲೇಟಿನ ನಾಲ್ಕು ನಟ್ ಬಿಚ್ಚಿ ಅಳೆಯಿರಿ. ಸಂಪ್‌ನಿಂದ ಆಯಿಲ್ ಎಳೆಯುವ ಪಿಕಪ್ ಪೈಪಿನ ತುದಿಗಿಂತ ಕೆಳಗೆ ಉಳಿಯುವ ನೂರು, ನೂರೈವತ್ತು ಮಿ.ಲೀ. ಇರಲೇಬೇಕು. ಅದಕ್ಕಿಂತ ಬಹಳ ಹೆಚ್ಚು ಬಂದರೆ ರಿಟರ್ನ್ ಕಡೆಯ ಬಾಲ್, ಪಿಕಪ್ ಪೈಪಿನ ಬಿರುಕು ಅಥವಾ ಪಂಪ್ ಗ್ಯಾಸ್ಕೆಟಿನಲ್ಲಿ ಗಾಳಿ ಎಳೆಯುತ್ತಿದೆ ಎಂದರ್ಥ. ಫೀಡ್ ಬಾಲ್ ಬದಲಿಸಿದರೆ ಅದು ವಾಸಿಯಾಗುವುದಿಲ್ಲ.

ಇನ್ನೊಂದು ಮಾತು. ಟ್ಯಾಂಕಿನಲ್ಲಿ ಆಯಿಲ್ ಕಮ್ಮಿ ಕಂಡಿತು ಅಂತ ಸ್ಟಾರ್ಟ್ ಮಾಡುವ ಮೊದಲೇ ಮೇಲೆ ಸುರಿಯಬೇಡಿ. ಆಯಿಲ್ ಎಲ್ಲೂ ಹೋಗಿಲ್ಲ, ಕೆಳಗಿದೆ. ಓಡಿದ ಮೇಲೆ ಅದು ವಾಪಸ್ ಬಂದು ಟ್ಯಾಂಕ್ ಉಕ್ಕುತ್ತದೆ, ಹಿಂದಿನ ಟೈರಿಗೆ ಆಯಿಲ್ ಬಿದ್ದರೆ ತಿರುವಿನಲ್ಲಿ ಅಪಾಯ.

---

ಹಳೇಗಾಡಿ_ಹಾಸನ

ಧನ್ಯವಾದ ಸರ್. ಅಳೆದೆ: ಓಡಿಸಿ ನಿಲ್ಲಿಸಿದ ತಕ್ಷಣ 110 ಮಿ.ಲೀ. ಹಾಗಾದರೆ ರಿಟರ್ನ್ ಸರಿ ಇದೆ, ಫೀಡ್ ಕಡೆಯದೇ ತೊಂದರೆ ಅಂದುಕೊಂಡಿದ್ದೇನೆ. ಒಂದು ವಿಚಿತ್ರ ಏನೆಂದರೆ, ಕೆಲವು ಸಲ ಮೂರು ದಿನಕ್ಕೆ 600, ಕೆಲವು ಸಲ ಅದೇ ಮೂರು ದಿನಕ್ಕೆ 150 ಕೂಡ ಇಲ್ಲ.

---

ಪ್ಲಂಜರ್_ಮೈಸೂರು

ವಿಚಿತ್ರವಲ್ಲ. ಎಂಜಿನ್ ಯಾವ ಸ್ಥಾನದಲ್ಲಿ ನಿಂತಿತು ಅನ್ನುವುದರ ಮೇಲೆ ಅದು ನಿಂತಿದೆ. ಫೀಡ್ ಪ್ಲಂಜರ್ ಕೆಳಗೆ ನಿಂತರೆ ಇನ್‌ಲೆಟ್ ರಂಧ್ರ ಮುಚ್ಚಿರುತ್ತದೆ, ಬಾಲಿನವರೆಗೆ ಆಯಿಲ್ ಹೋಗಬೇಕಾದರೆ ಪ್ಲಂಜರಿನ ಸಂದಿಯಲ್ಲೇ ನುಸುಳಬೇಕು. ಮೇಲೆ ನಿಂತರೆ ದಾರಿ ಪೂರಾ ತೆರೆದು, ಬಾಲ್ ಒಂದೇ ಅಡ್ಡ. ನಿಮ್ಮ ಎರಡು ಅಳತೆಯ ನಡುವೆ ಇಷ್ಟು ಅಂತರ ಇರುವುದು ಒಳ್ಳೆಯ ಸುದ್ದಿ: ಪ್ಲಂಜರ್ ಮತ್ತು ಬೋರ್ ತೀರಾ ಸವೆದಿಲ್ಲ, ದೋಷ ಬಾಲ್ ಕಡೆ ಇರುವ ಸಾಧ್ಯತೆ ಹೆಚ್ಚು.

ಖಚಿತ ಮಾಡಿಕೊಳ್ಳುವುದಕ್ಕೆ ಟೈಮಿಂಗ್ ಕವರ್ ಮಾತ್ರ ತೆಗೆದು, ಪಂಪನ್ನು ಜಾಗದಲ್ಲೇ ಬಿಟ್ಟು ನೋಡಿ. ಪ್ಲಂಜರ್‌ಗಳು ಮೇಲ್ತುದಿಗೆ ಬರುವ ಹಾಗೆ ಎಂಜಿನ್ ತಿರುಗಿಸಿ, ಎಲ್ಲವನ್ನೂ ಒಣಬಟ್ಟೆಯಿಂದ ಒರೆಸಿ, ಟ್ಯಾಂಕ್ ತುಂಬಿಸಿ ಒಂದು ಗಂಟೆ ಬಿಡಿ. ಟಾರ್ಚ್ ಹಿಡಿದು ನೋಡಿದರೆ ಮೂರರಲ್ಲಿ ಒಂದು ಕಾಣುತ್ತದೆ. ಕ್ರ್ಯಾಂಕ್‌ಕೇಸ್ ಮುಖದಲ್ಲಿ, ಕವರಿಗೆ ಆಯಿಲ್ ಹೋಗುವ ರಂಧ್ರದಲ್ಲಿ ಹನಿ ಬಂದರೆ ಬಾಲ್ ಸೋರುತ್ತಿದೆ. ಪ್ಲಂಜರಿನ ಕುತ್ತಿಗೆ ಒದ್ದೆಯಾದರೆ ಬೋರ್ ಸವೆದಿದೆ. ಪಂಪಿನ ಬುಡದ ಸುತ್ತ ಒದ್ದೆಯಾದರೆ ಗ್ಯಾಸ್ಕೆಟ್. ಕೊನೆಯ ಎರಡು ದಾರಿಯಲ್ಲಿ ಬಂದ ಆಯಿಲ್ ಟೈಮಿಂಗ್ ಚೇಂಬರಿಗೆ ಬಿದ್ದು ಅಲ್ಲಿಂದ ಸಂಪ್‌ಗೆ ಹೋಗುತ್ತದೆ. ಬಾಲ್ ಎಷ್ಟು ಚೆನ್ನಾಗಿ ಕೂರಿಸಿದರೂ ಅದು ನಿಲ್ಲದು. ಬಾಲ್ ಬದಲಿಸಿ ಬದಲಿಸಿ ಸುಸ್ತಾದವರೆಲ್ಲ ಇದನ್ನು ನೋಡದೆ ಬಿಟ್ಟವರು.

---

ಟೈಮಿಂಗ್‌ಕವರ್_ಧಾರವಾಡ

ಮೇಲಿನವರು ಹೇಳಿದ್ದು ಸರಿ ಐತ್ರಿ. ಕೆಲಸದ ಕ್ರಮ ಬರೀತೀನಿ, ಇದ್ರಾಗ ಒಂದು ಹೆಜ್ಜೆನೂ ಬಿಡಬ್ಯಾಡ್ರಿ.

ಮೊದಲು ಟ್ಯಾಂಕ್ ಖಾಲಿ ಮಾಡಿ. ಫೀಡ್ ರಬ್ಬರ್ ಪೈಪನ್ನು ಇಕ್ಕಳದಿಂದ ಹಿಸುಕಿ ಹಿಡಿಯುವ ಅಭ್ಯಾಸ ಬಹಳ ಜನರಿಗಿದೆ. ಹಳೇ ರಬ್ಬರ್ ಒಳಗೆ ಸೀಳಿ, ಅದೇ ಚೂರು ಆಮೇಲೆ ಬಾಲಿನ ಕೆಳಗೆ ಬಂದು ಕೂರುತ್ತದೆ. ಟ್ಯಾಂಕಿನ ಜಾಲರಿ ಫಿಲ್ಟರನ್ನೂ ಈಗಲೇ ಬಿಚ್ಚಿ ತೊಳೆಯಿರಿ. ಪೈಪ್ ಹಳೆಯದಾಗಿದ್ದರೆ ಆಯಿಲ್ ತಡೆಯುವ ಹೊಸ ಪೈಪ್ ಹಾಕಿ.

ಬಲಗಡೆ ಫುಟ್‌ರೆಸ್ಟ್, ಅಡ್ಡ ಬಂದರೆ ಎಕ್ಸಾಸ್ಟ್ ಪೈಪ್ ಬಿಚ್ಚಿ. ಟೈಮಿಂಗ್ ಕವರಿನ ಸ್ಕ್ರೂಗಳ ಉದ್ದ ಒಂದೇ ಇಲ್ಲ. ರಟ್ಟಿನ ಮೇಲೆ ಕವರಿನ ಆಕಾರ ಬರೆದು ಅದದೇ ಜಾಗದಲ್ಲಿ ಚುಚ್ಚಿಡಿ. ಸಂದಿಯಲ್ಲಿ ಸ್ಕ್ರೂಡ್ರೈವರ್ ಇಟ್ಟು ಎಬ್ಬಿಸಬೇಡಿ, ಮರದ ಸುತ್ತಿಗೆಯಿಂದ ತಟ್ಟಿದರೆ ಬರುತ್ತದೆ. ಕ್ಯಾಮ್‌ಶಾಫ್ಟ್ ನಟ್ ಮುಟ್ಟುವ ಅಗತ್ಯವಿಲ್ಲ. ಯಾವ ಕಾರಣಕ್ಕಾದರೂ ಮುಟ್ಟಿದರೆ ಅದು ಎಡಗೈ ತ್ರೆಡ್, ನೆನಪಿರಲಿ.

ಪಂಪ್ ಹಿಡಿದಿರುವುದು ಶಂಕುವಿನಾಕಾರದ ಎರಡು ನಟ್. ಅವನ್ನು ತೆಗೆದರೆ ಪಂಪ್ ಸ್ಟಡ್ ಮೇಲಿನಿಂದ ಜಾರಿ ಬರುತ್ತದೆ. ಡ್ರೈವ್ ಬ್ಲಾಕ್ ಕೂಡ ಬರುತ್ತದೆ, ಅದರ ತೂತು ಮೊಟ್ಟೆಯಾಕಾರ ಆಗಿದ್ದರೆ ಬದಲಿಸಿ. ಸವೆದ ಬ್ಲಾಕ್ ಅಂದರೆ ಪ್ಲಂಜರಿನ ಓಟ ಕಡಿಮೆ, ಓಟ ಕಡಿಮೆ ಆದರೆ ಆಯಿಲ್ ಕಡಿಮೆ. ಇದರ ಬೆಲೆ ಹೆಚ್ಚಿಲ್ಲ, ಆದರೆ ಬಿಗ್ ಎಂಡ್ (ಕನೆಕ್ಟಿಂಗ್ ರಾಡಿನ ಕೆಳಗಿನ ಬೇರಿಂಗ್) ಬದುಕುವುದು ಇದರಿಂದಲೇ.

ಪಂಪಿನ ಕೆಳಗಿನ ಎರಡು ಪ್ಲಗ್ ಬಿಚ್ಚಿ. ಬಾಡಿ ಹಿತ್ತಾಳೆ, ನೇರ ವೈಸ್‌ಗೆ ಹಾಕಿ ಬಿಗಿದರೆ ಬೋರ್ ಅಂಡಾಕಾರ ಆಗಿ ಪಂಪೇ ಹಾಳು. ಮರದ ತುಂಡು ಇಟ್ಟು ಮೆಲ್ಲಗೆ ಹಿಡಿಯಿರಿ. ಪ್ರತಿ ಪ್ಲಗ್ ಹಿಂದೆ ಒಂದು ಸ್ಪ್ರಿಂಗ್, ಒಂದು ಬಾಲ್. ಫೀಡಿನದು ಬೇರೆ ಬಟ್ಟಲು, ರಿಟರ್ನಿನದು ಬೇರೆ ಬಟ್ಟಲು.

ಬಾಲ್ ಅಳತೆ 7/32 ಇಂಚು, ಅಂದರೆ 5.556 ಮಿ.ಮೀ. ಹಳೆಯದು ಹೊಳೆಯುತ್ತಿದ್ದರೂ ಹೊಸದೇ ಹಾಕಿ. ಬೇರಿಂಗ್ ಅಂಗಡಿಯಲ್ಲಿ ಸಿಗುತ್ತದೆ, ಬೆಂಗಳೂರಿನವರಾದರೆ ಎಸ್.ಪಿ. ರಸ್ತೆ, ಜೆ.ಸಿ. ರಸ್ತೆ ಕಡೆ ಕೇಳಿ. ಸೈಕಲ್ ಅಂಗಡಿಯ ಬಾಲ್ ಬೇಡ. ಅವರ ಹತ್ತಿರ ಸಾಮಾನ್ಯವಾಗಿ ಇರುವುದು 3/16 ಮತ್ತು 1/4, ಕಣ್ಣಿಗೆ ವ್ಯತ್ಯಾಸ ತಿಳಿಯುವುದಿಲ್ಲ, ಪಂಪಿನಲ್ಲಿ ಕೂರುವುದೂ ಇಲ್ಲ. ಕೊಳ್ಳುವಾಗ ಮೈಕ್ರೋಮೀಟರ್ ಹಿಡಿದು ನೋಡಿ. ಒಂದು ಆರು ಬಾಲ್ ತಗೊಳ್ರಿ, ಕಾರಣ ಕೆಳಗೈತಿ.

ಸ್ಪ್ರಿಂಗ್ ಬಿಡಿಯಾಗಿ ಅರ್ಧ ಇಂಚು ಉದ್ದ ಇರಬೇಕು. ಕುಗ್ಗಿದ್ದರೆ ಹೊಸದು. ಎಳೆದು ಉದ್ದ ಮಾಡುವವರಿದ್ದಾರೆ, ಹಾಗೆ ಮಾಡಿದ ಸ್ಪ್ರಿಂಗ್ ಒಂದು ಪಕ್ಕಕ್ಕೆ ವಾಲಿ ಬಾಲನ್ನು ಓರೆ ಒತ್ತುತ್ತದೆ, ನಾಲ್ಕು ಸಲ ಬಿಸಿಯಾದ ಮೇಲೆ ಮತ್ತೆ ಕುಗ್ಗುತ್ತದೆ.

ಈಗ ಸೀಟ್. ಸೀಮೆಎಣ್ಣೆಯಲ್ಲಿ ತೊಳೆದು, ಪೆಟ್ರೋಲಿನಲ್ಲಿ ಜಾಲಿಸಿ, ಗಾಳಿ ಊದಿ. ಹತ್ತಿ ಬೇಡ, ಎಳೆ ಉಳಿಯುತ್ತದೆ. ಭೂತಗನ್ನಡಿಯಲ್ಲಿ ನೋಡಿದರೆ ಸೀಟಿನ ಅಂಚಿನಲ್ಲಿ ಸುತ್ತಲೂ ಒಂದೇ ಸಮನಾದ ತೆಳು ಉಂಗುರ ಕಾಣಬೇಕು. ಉಂಗುರ ಒಂದು ಕಡೆ ಕಡಿದಿದ್ದರೆ, ಚುಕ್ಕಿ ಬಿದ್ದಿದ್ದರೆ, ಅಲ್ಲೇ ಸೋರುತ್ತಿದೆ. ಕೂರಿಸುವುದು ಹೀಗೆ: ಒಂದು ಬಾಲ್ ಸೀಟಿನ ಮೇಲಿಟ್ಟು, ಬಾಲಿಗಿಂತ ಸ್ವಲ್ಪ ಸಣ್ಣ ತಾಮ್ರದ ಅಥವಾ ಹಿತ್ತಾಳೆಯ ಕಡ್ಡಿಯನ್ನು ನೆಟ್ಟಗೆ ಹಿಡಿದು, ನೂರು ಗ್ರಾಂ ಸುತ್ತಿಗೆಯಿಂದ ಒಂದು ಪೆಟ್ಟು. ಮೆಲ್ಲಗೆ, ಆದರೆ ಚುರುಕಾಗಿ, ಟಕ್ ಅಂತ. ಆ ಬಾಲ್ ಎಸೆಯಿರಿ, ಅದಕ್ಕೆ ಪೆಟ್ಟು ಬಿದ್ದಿದೆ. ಹೊಸದು ಹಾಕಿ ಪರೀಕ್ಷೆ ಮಾಡಿ. ಸಾಲದಿದ್ದರೆ ಮತ್ತೊಂದು ಬಾಲ್, ಮತ್ತೊಂದು ಪೆಟ್ಟು. ಆರು ಬಾಲ್ ಅಂದದ್ದು ಇದಕ್ಕೇ. ಜೋರಾಗಿ ಬಡಿದರೆ ಉಂಗುರ ಅಗಲವಾಗುತ್ತದೆ. ಉಂಗುರ ಅಗಲವಾದಷ್ಟೂ ಸ್ಪ್ರಿಂಗಿನ ಅದೇ ಒತ್ತಡ ಹೆಚ್ಚು ಜಾಗಕ್ಕೆ ಹಂಚಿಹೋಗಿ, ಮೊದಲಿಗಿಂತ ಹೆಚ್ಚು ಸೋರುತ್ತದೆ.

ಗ್ರೈಂಡಿಂಗ್ ಪೇಸ್ಟ್ ಹಾಕಿ ಬಾಲನ್ನು ಉಜ್ಜುವುದನ್ನು ಯಾರು ಹೇಳಿದರೂ ಕೇಳಬೇಡಿ. ಹಿತ್ತಾಳೆ ಮೆತ್ತಗೆ, ಪೇಸ್ಟಿನ ಹರಳು ಅದರೊಳಗೆ ಹೂತುಕೊಳ್ಳುತ್ತದೆ, ಎಷ್ಟು ತೊಳೆದರೂ ಹೋಗದು. ಪ್ಲಂಜರನ್ನು ತಿನ್ನುವುದು ಆಮೇಲೆ ಅದೇ.

ಪರೀಕ್ಷೆ: ಬೋರಿಗೆ ಆಯಿಲ್ ತುಂಬಿ, ಪ್ಲಂಜರ್ ಹಾಕಿ, ಔಟ್‌ಲೆಟ್ ರಂಧ್ರದಲ್ಲಿ ಆಯಿಲ್ ಕಾಣುವವರೆಗೆ ಒತ್ತಿ. ಇನ್‌ಲೆಟ್ ರಂಧ್ರಕ್ಕೆ ಹೆಬ್ಬೆರಳು ಒತ್ತಿ ಹಿಡಿದು ಪ್ಲಂಜರನ್ನು ಸ್ವಲ್ಪ ಹಿಂದಕ್ಕೆ ಎಳೆಯಿರಿ. ಔಟ್‌ಲೆಟ್ ರಂಧ್ರದ ಆಯಿಲ್ ಮಟ್ಟ ಕೆಳಗೆ ಇಳಿಯಬಾರದು. ಇಳಿದರೆ ಬಾಲ್ ಕೂತಿಲ್ಲ. ಎರಡೂ ಕಡೆ ಮಾಡಿ.

---

ಪ್ಲಂಜರ್_ಮೈಸೂರು

ಧಾರವಾಡದ ಅಣ್ಣಾವ್ರ ಕ್ರಮಕ್ಕೆ ಎರಡು ಮಾತು ಸೇರಿಸುತ್ತೇನೆ.

ಆ ಹೆಬ್ಬೆರಳಿನ ಪರೀಕ್ಷೆ ಬಾಲ್ ಹಿಂದಕ್ಕೆ ಹಿಡಿಯುತ್ತದೆಯೇ ಎಂದು ಮಾತ್ರ ಹೇಳುತ್ತದೆ, ಅಂದರೆ ಪಂಪ್ ಮಾಡುತ್ತದೆಯೇ ಎಂದು. ನಿಂತಾಗ ಸೋರುವುದು ಮುಂದಿನ ದಿಕ್ಕಿನಲ್ಲಿ. ಆದ್ದರಿಂದ ಪಂಪ್ ವಾಪಸ್ ಕೂರಿಸಿದ ಮೇಲೆ, ಕವರ್ ಹಾಕುವ ಮೊದಲು, ಮೇಲೆ ಹೇಳಿದ ಒಂದು ಗಂಟೆಯ ಪರೀಕ್ಷೆಯನ್ನು ಮತ್ತೆ ಮಾಡಿ. ಒಂದು ರಾತ್ರಿ ಬಿಟ್ಟರೆ ಇನ್ನೂ ಒಳ್ಳೆಯದು.

ಎರಡನೆಯದು ಸೀಲಂಟ್. ಪಂಪಿನ ಮುಖಕ್ಕೆ ಕಾಗದದ ಗ್ಯಾಸ್ಕೆಟ್ ಮಾತ್ರ, ಬೇಕಿದ್ದರೆ ತೆಳುವಾಗಿ ಗ್ರೀಸ್. ಅದರ ರಂಧ್ರಗಳು ಪಂಪಿನ ರಂಧ್ರಗಳ ಮೇಲೆ ಸರಿಯಾಗಿ ಬಂದಿವೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಸಿಲಿಕೋನ್ ಹಚ್ಚಿದರೆ ಒಳಗಡೆ ಉಕ್ಕಿದ ಭಾಗ ಹುಳದ ಹಾಗೆ ಕಳಚಿ ನೇರವಾಗಿ ಬಾಲಿನ ಕೆಳಗೆ ಹೋಗುತ್ತದೆ. ಸರಿಯಿದ್ದ ಪಂಪ್ ಎಂಜಿನ್ ಬಿಚ್ಚಿ ಕಟ್ಟಿದ ಮೇಲೆ ಸೋರಲು ಶುರು ಮಾಡಿದರೆ ನೂರಕ್ಕೆ ತೊಂಬತ್ತು ಪಾಲು ಇದೇ ಕಾರಣ ಎಂದು ನನ್ನ ಅಂದಾಜು.

ಕವರ್ ಹಾಕುವಾಗ ಪ್ರಿ-ಯೂನಿಟ್‌ನಲ್ಲಿ ಕ್ರ್ಯಾಂಕ್ ತುದಿ ಕೂರುವುದು ಕವರಿನ ಒಳಗಿನ ಬುಷ್‌ನಲ್ಲಿ. ಅದು ಸವೆದಿದ್ದರೆ ಪ್ರೆಷರ್ ಅಲ್ಲೇ ಸೋರುತ್ತದೆ, ಕವರ್ ಕೈಯಲ್ಲಿರುವಾಗಲೇ ನೋಡಿಬಿಡಿ. ಯೂನಿಟ್ ಎಂಜಿನ್ (ಎಂಜಿನ್, ಗೇರ್‌ಬಾಕ್ಸ್ ಒಂದೇ ಕೇಸಿನಲ್ಲಿ) ಇರುವವರಿಗೆ ಅಲ್ಲಿ ಬುಷ್ ಬದಲು ಸೀಲ್ ಇದೆ, ಅದನ್ನು ಪ್ರತಿ ಸಲ ಹೊಸದು ಹಾಕುವುದು ಉತ್ತಮ.

ಮೊದಲ ಸಲ ಸ್ಟಾರ್ಟ್ ಮಾಡುವ ಮುನ್ನ ಪಂಪ್ ಬೋರ್ ಎರಡಕ್ಕೂ ಆಯಿಲ್ ತುಂಬಿರಬೇಕು, ಸ್ಪಾರ್ಕ್ ಪ್ಲಗ್ ತೆಗೆದು ಟೆಲ್-ಟೇಲ್ ಅಲ್ಲಾಡುವವರೆಗೆ ಕಿಕ್ ತುಳಿಯಿರಿ. ರಿಟರ್ನ್ ಬರುವುದು ತಡವಾಗುತ್ತದೆ, ಯಾಕೆಂದರೆ ಖಾಲಿ ಸಂಪ್ ಪಿಕಪ್ ಪೈಪಿನವರೆಗೆ ತುಂಬಬೇಕು. ಗಾಬರಿ ಬೇಡ. ಆದರೆ ಟೆಲ್-ಟೇಲ್ ಕೆಲವು ಸೆಕೆಂಡಿನಲ್ಲಿ ಹೊರಬರದಿದ್ದರೆ ತಕ್ಷಣ ನಿಲ್ಲಿಸಿ.

---

ಗೇರ್‌ಪಂಪ್_ಶಿವಮೊಗ್ಗ

ಮೂರನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ. ಫೀಡ್ ಪೈಪಿನ ಮಧ್ಯೆ ಸ್ಪ್ರಿಂಗ್ ವಾಲ್ವ್ ಹಾಕುವುದನ್ನು ನಾನು ವಿರೋಧಿಸುತ್ತೇನೆ.

ವೆಲೋಸೆಟ್ ಕಂಪನಿಯೇ ಫೀಡ್ ದಾರಿಯಲ್ಲಿ ಬಾಲ್ ವಾಲ್ವ್ ಇಟ್ಟಿತ್ತು, ಆದ್ದರಿಂದ ಕಲ್ಪನೆಯೇ ತಪ್ಪು ಅನ್ನಲಾರೆ. ಆದರೆ ಅದು ಆ ಎಂಜಿನ್ ಜೊತೆಗೇ ಲೆಕ್ಕ ಹಾಕಿ ಮಾಡಿದ್ದು. ಬೇರೆ ಗಾಡಿಗೆ ಪೈಪ್ ಕತ್ತರಿಸಿ ಸೇರಿಸುವ ವಾಲ್ವ್ ಪಂಪಿನ ಎಳೆಯುವ ಬದಿಯಲ್ಲಿ ಕೂರುತ್ತದೆ. ತಳ್ಳುವ ಬದಿಯಲ್ಲಿ ಅಡ್ಡಿ ಬಂದರೆ ಪಂಪ್ ನೂರು ಪಿ.ಎಸ್.ಐ. ಹಾಕಿಯಾದರೂ ನೂಕುತ್ತದೆ. ಎಳೆಯುವ ಬದಿಯಲ್ಲಿ ಅದರ ಕೈಯಲ್ಲಿರುವುದು ಹೆಚ್ಚೆಂದರೆ ವಾಯುಭಾರ, ಅದೂ ಪಂಪಿನ ಒಳಗೆ ಎಲ್ಲೂ ಗಾಳಿ ನುಸುಳದಿದ್ದರೆ. ಸವೆದ ಪಂಪ್, ಚಳಿಗಾಲದ ಬೆಳಗ್ಗೆ ಜೇನಿನಂತೆ ಗಟ್ಟಿಯಾದ ಎಸ್.ಎ.ಇ. 50 ಆಯಿಲ್, ಪೈಪಿನಲ್ಲಿ ಒಂದು ಗಾಳಿಗುಳ್ಳೆ. ಈ ಮೂರೂ ಕೂಡಿದ ದಿನ ವಾಲ್ವ್ ತೆರೆಯುವುದಿಲ್ಲ. ರಿಟರ್ನ್ ಪೈಪಿನಲ್ಲಿ ಸಂಪಿನ ಹಳೇ ಆಯಿಲ್ ಬರುತ್ತಲೇ ಇರುವುದರಿಂದ ಎಲ್ಲ ಸರಿ ಇದೆ ಎಂದು ಕಾಣುತ್ತದೆ, ಅದೇ ಮೋಸ. ಬಿಗ್ ಎಂಡ್ ಹೋದ ಮೇಲೆ ಗೊತ್ತಾಗುತ್ತದೆ.

ಇನ್ನೊಂದು ವಿಚಿತ್ರವನ್ನೂ ಗಮನಿಸಿ. ಯಾರ ಪಂಪ್ ಹೆಚ್ಚು ಸವೆದಿದೆಯೋ ಅವರಿಗೇ ಈ ವಾಲ್ವ್ ಬೇಕೆನಿಸುತ್ತದೆ, ಮತ್ತು ಅದನ್ನು ಎಳೆದು ತೆರೆಯುವ ಶಕ್ತಿ ಅದೇ ಪಂಪಿಗೆ ಎಲ್ಲಕ್ಕಿಂತ ಕಡಿಮೆ.

ತಿಂಗಳುಗಟ್ಟಲೆ ನಿಲ್ಲಿಸುವವರಿಗೆ ಕೈಯಿಂದ ಕಾಲು ಸುತ್ತು ತಿರುಗಿಸಿ ಮುಚ್ಚುವ ಒಂದು ನಲ್ಲಿಯನ್ನು (ಬಾಲ್ ಕಾಕ್) ಫೀಡ್ ಪೈಪಿಗೆ ಹಾಕುವುದು ಉತ್ತಮ, ಆದರೆ ಸ್ವಿಚ್ ಜೊತೆಗೆ ಮಾತ್ರ. ನಲ್ಲಿಯ ಹಿಡಿಕೆ ಪೂರ್ತಿ ತೆರೆದಾಗ ಒತ್ತುವ ಹಾಗೆ ಮೈಕ್ರೋಸ್ವಿಚ್ ಕೂರಿಸಿ. ನಿಮ್ಮದು ಕಾಯಿಲ್ ಇಗ್ನಿಷನ್, ಆದ್ದರಿಂದ ಸ್ವಿಚ್ ಕಾಯಿಲಿಗೆ ಹೋಗುವ ತಂತಿಯ ಸರಣಿಯಲ್ಲಿ ಬರಲಿ: ನಲ್ಲಿ ಮುಚ್ಚಿದ್ದರೆ ಕರೆಂಟ್ ಇಲ್ಲ. ಬ್ಯಾಟರಿ ಬೇಡದೆ ತಾನೇ ಕಿಡಿ ಹುಟ್ಟಿಸುವ ಮ್ಯಾಗ್ನೆಟೊ ಇರುವ ಗಾಡಿಗೆ ಇದರ ಉಲ್ಟಾ: ನಲ್ಲಿ ಮುಚ್ಚಿದಾಗ ಮ್ಯಾಗ್ನೆಟೊದ ಕಟ್-ಔಟ್ ತಂತಿ ಅರ್ತ್ ಆಗಬೇಕು. ಇಲ್ಲಿ ತಂತಿ ಕಡಿದುಹೋದರೆ ರಕ್ಷಣೆಯೂ ಹೋಯಿತು, ಅದನ್ನು ಆಗಾಗ ಪರೀಕ್ಷಿಸಬೇಕು. ನಲ್ಲಿಯ ಒಳತೂತು ಪೈಪಿನ ಒಳತೂತಿಗಿಂತ ಸಣ್ಣದಿರಬಾರದು. ಸ್ವಿಚ್ ಇಲ್ಲದೆ, ಹ್ಯಾಂಡಲಿಗೆ ಚೀಟಿ ಕಟ್ಟಿ ನೆನಪಿಟ್ಟುಕೊಳ್ಳುತ್ತೇನೆ ಅನ್ನುವವರು ದಯವಿಟ್ಟು ಬೇಡ.

ಬಿ.ಎಸ್.ಎ., ನಾರ್ಟನ್ ಇರುವವರು ಇದನ್ನು ಓದುತ್ತಿದ್ದರೆ ಅವರಿಗೂ ಸ್ವಲ್ಪ. ಇವುಗಳ ಪಂಪ್ ಹಲ್ಲುಚಕ್ರದ್ದು, ಪಂಪಿನೊಳಗೆ ಬಾಲ್ ಇಲ್ಲ. ಚಕ್ರದ ಮುಖ ಮತ್ತು ಮುಚ್ಚಳದ ನಡುವಿನ ಸಂದಿಯಲ್ಲೇ ಆಯಿಲ್ ಇಳಿಯುತ್ತದೆ. ಪಂಪ್ ಬಾಡಿಯನ್ನು ದಪ್ಪ ಗಾಜಿನ ಮೇಲೆ ನೀರುಕಾಗದ (ನೀರು ಹಾಕಿ ಉಜ್ಜುವ ಉಪ್ಪುಕಾಗದ) ಹಾಸಿ ಉಜ್ಜಿ ಸಂದಿ ಕಡಿಮೆ ಮಾಡಬಹುದು. ಕೈಯಿಂದ ತಿರುಗಿಸಿದರೆ ಸ್ವಲ್ಪ ಬಿಗುವಾಗಿ, ಎಲ್ಲೂ ಕಚ್ಚದೆ ತಿರುಗಬೇಕು. ಬಿ.ಎಸ್.ಎ. ಎ7, ಎ10ರಲ್ಲಿ ಟೈಮಿಂಗ್ ಬದಿಯ ಕ್ರ್ಯಾಂಕ್‌ಕೇಸಿನಲ್ಲಿ ಬಾಲ್ ಮತ್ತು ಸ್ಪ್ರಿಂಗ್ ಬೇರೆಯಾಗಿ ಇದೆ, ಮೇಲೆ ಹೇಳಿದ ಸೀಟಿನ ಕೆಲಸ ಅದಕ್ಕೂ ಅನ್ವಯ, ಆದರೆ ಅಲ್ಲಿ ಸೀಟ್ ಅಲ್ಯೂಮಿನಿಯಂ, ಪೆಟ್ಟು ಇನ್ನೂ ಹಗುರವಾಗಿರಲಿ. ಅವುಗಳಲ್ಲಿ ಇನ್ನೊಂದು ಬಾಲ್ ಸಂಪಿನ ಪಿಕಪ್ ಪೈಪಿನೊಳಗಿದೆ. ಗಾಡಿ ವರ್ಷಗಟ್ಟಲೆ ನಿಂತರೆ ಅದು ಅಂಟಿಕೊಂಡು ರಿಟರ್ನೇ ನಿಲ್ಲುತ್ತದೆ. ಸಂಪ್ ಪ್ಲೇಟ್ ತೆಗೆದು ತಂತಿಯಿಂದ ಮೆಲ್ಲಗೆ ಮೇಲಕ್ಕೆ ನೂಕಿ, ಬಿಟ್ಟರೆ ತಾನಾಗಿ ಕೆಳಗೆ ಬೀಳಬೇಕು.

ನಾರ್ಟನ್ ಕಮಾಂಡೋದಲ್ಲಿ ಪಂಪಿನ ಮೂತಿಗೆ ಒಂದು ಶಂಕು ರಬ್ಬರ್ ಸೀಲ್ ಇದೆ. ಅದನ್ನು ಹಾಕಿ ಟೈಮಿಂಗ್ ಕವರ್ ಒತ್ತಿದಾಗ, ಸ್ಕ್ರೂ ಬಿಗಿಯುವ ಮೊದಲು, ಕವರ್ ಸುಮಾರು 10 ಥೌ, ಅಂದರೆ ಕಾಲು ಮಿ.ಮೀ., ದೂರ ನಿಲ್ಲಬೇಕು. ನಿಲ್ಲದಿದ್ದರೆ ಸೀಲ್ ಹಿಂದೆ ಶಿಮ್ (ತೆಳು ವಾಷರ್) ಹಾಕಿ.

---

ಬುಲೆಟ್_ಪುತ್ತೂರು

ನನ್ನ ಹತ್ತಿರ ಇರುವುದು ಹಳೇ ಎರಕದ ಕಬ್ಬಿಣದ ಸಿಲಿಂಡರಿನ ಬುಲೆಟ್ 350. ಎರಡು ತಿಂಗಳು ನಿಂತರೆ ಇದೇ ರೀತಿ ಹೊಗೆ, ಬ್ರೀದರಿನಿಂದ ಆಯಿಲ್. ಇದರಲ್ಲೂ ಬಾಲ್ ಬದಲಿಸಬೇಕೇ?

---

ಗೇರ್‌ಪಂಪ್_ಶಿವಮೊಗ್ಗ

ಇಲ್ಲ, ಬುಲೆಟ್ಟಿನ ಪಂಪಿನಲ್ಲಿ ಬಾಲ್ ಇಲ್ಲ. ಆಯಿಲ್ ಟ್ಯಾಂಕ್ ಕ್ರ್ಯಾಂಕ್‌ಕೇಸಿನ ಹಿಂಭಾಗದಲ್ಲೇ ಎರಕವಾಗಿದೆ, ಬೇರೆ ಟ್ಯಾಂಕಿನಷ್ಟು ಎತ್ತರ ಇಲ್ಲದ ಕಾರಣ ನಿಧಾನ ಇಳಿಯುತ್ತದೆ. ಫೀಡ್, ರಿಟರ್ನ್ ಎರಡೂ ಪಂಪಿನಲ್ಲಿ ಒಂದು ಡಿಸ್ಕ್ ಓಲಾಡುತ್ತಾ ತನ್ನ ಮುಖದಿಂದಲೇ ರಂಧ್ರಗಳನ್ನು ತೆರೆದು ಮುಚ್ಚುತ್ತದೆ. ಡಿಸ್ಕಿನ ಮುಖದಲ್ಲಿ ಗೀರು ಬಿದ್ದರೆ ಅದೇ ಸೋರುವ ದಾರಿ. ಡಿಸ್ಕ್ ಮುಖವನ್ನು ಗಾಜಿನ ಮೇಲೆ ಮೆಟಲ್ ಪಾಲಿಶ್ ಹಾಕಿ ಎಂಟರ ಆಕಾರದಲ್ಲಿ ಉಜ್ಜಿ, ಮುಖ ಪೂರ್ತಿ ಒಂದೇ ಬಣ್ಣಕ್ಕೆ ಬರಬೇಕು, ಆಮೇಲೆ ಚೆನ್ನಾಗಿ ತೊಳೆಯಿರಿ. ಡಿಸ್ಕನ್ನು ಒತ್ತುವ ಸ್ಪ್ರಿಂಗ್ ಹೊಸದು ಹಾಕಿ.

ಬುಲೆಟ್ಟಿನಲ್ಲಿ ನಿಜವಾದ ಚೆಕ್ ವಾಲ್ವ್ ಅಂದರೆ ಬ್ರೀದರಿನ ರಬ್ಬರ್, ಬಾತುಕೋಳಿ ಕೊಕ್ಕಿನ ಆಕಾರದ್ದು. ಗಾಳಿಯನ್ನು ಹೊರಗೆ ಬಿಟ್ಟು ಒಳಗೆ ಬಿಡಬಾರದು. ಗಟ್ಟಿಯಾಗಿ ತುಟಿ ತೆರೆದುಕೊಂಡಿದ್ದರೆ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ನಿಂತು ಎಲ್ಲ ಜಾಯಿಂಟಿನಲ್ಲೂ ಆಯಿಲ್ ಬರುತ್ತದೆ. ಬಾಯಿಂದ ಊದಿ, ಎಳೆದು ನೋಡಿದರೆ ಸಾಕು. ಮೊದಲು ಅದನ್ನು ನೋಡಿ, ಪಂಪ್ ಆಮೇಲೆ. ಆಯಿಲ್ ಬದಲಿಸುವಾಗ ಟ್ಯಾಂಕಿನ ಪ್ಲಗ್ ಜೊತೆಗೆ ಕ್ರ್ಯಾಂಕ್‌ಕೇಸಿನ ಪ್ಲಗ್ಗನ್ನೂ ಬಿಚ್ಚಿ ಎಷ್ಟು ಬಂತು ಎಂದು ಅಳೆದಿಡಿ.

---

ಹಳೇಗಾಡಿ_ಹಾಸನ

ಎಲ್ಲರಿಗೂ ವಂದನೆ. ಫಲಿತಾಂಶ ಹಾಕುತ್ತಿದ್ದೇನೆ, ಮುಂದೆ ಹುಡುಕುವವರಿಗೆ ಉಪಯೋಗವಾಗಲಿ.

ಕವರ್ ತೆಗೆದು ಮಾಡಿದ ಮೊದಲ ಪರೀಕ್ಷೆ: ಕವರಿಗೆ ಹೋಗುವ ರಂಧ್ರದಿಂದ ಗಂಟೆಗೆ 7 ಮಿ.ಲೀ., ಪ್ಲಂಜರಿನ ಕುತ್ತಿಗೆಯಲ್ಲಿ ತೆಳುವಾದ ಒದ್ದೆ, ಗ್ಯಾಸ್ಕೆಟ್ ಒಣ. ಫೀಡ್ ಸ್ಪ್ರಿಂಗ್ ಉದ್ದ 11 ಮಿ.ಮೀ. ಇತ್ತು, 12.7 ಇರಬೇಕಿತ್ತು. ಸೀಟಿನ ಮೇಲೆ ಕೆಂಪು ಸೀಲಂಟಿನ ಚೂರು. ಮೂರನೆಯ ಬಾಲಿಗೆ ಸೀಟ್ ಕೂತಿತು. ಹೊಸ ಸ್ಪ್ರಿಂಗ್ ಹಾಕಿದ ಮೇಲೆ ಒಂದು ರಾತ್ರಿಗೆ ರಂಧ್ರದಲ್ಲಿ ಹನಿ ಇಲ್ಲ. ಕುತ್ತಿಗೆಯ ಒದ್ದೆ ಹಾಗೇ ಇದೆ. ಮೂರು ದಿನಕ್ಕೆ ಸಂಪ್‌ನಲ್ಲಿ ಉಳಿಯಬೇಕಾದ್ದು ಬಿಟ್ಟು 40 ಮಿ.ಲೀ. ಹೆಚ್ಚು ಬಂದಿದೆ. ಇದಕ್ಕೆ ಪ್ಲಂಜರ್ ಬದಲಿಸಬೇಕೇ?

---

ಟೈಮಿಂಗ್‌ಕವರ್_ಧಾರವಾಡ

ಬ್ಯಾಡ್ರಿ. ಮೂರು ದಿನಕ್ಕೆ 40 ಅಂದ್ರ ಪಂಪ್ ಚಲೋನೇ ಐತಿ. ಪ್ಲಂಜರ್ ಒಂದನ್ನೇ ಹೊಸದು ಹಾಕಿದರೆ ಹಳೇ ಬೋರಿಗೆ ಅದು ಹೊಂದುವುದಿಲ್ಲ, ಅವು ಜೋಡಿಯಾಗಿ ಕೂರಿಸಿದವು. ಮುಂದೆ ಇದು ವಾರಕ್ಕೆ 300 ದಾಟಿದರೆ, ಅಥವಾ ಬಿಸಿ ಎಂಜಿನ್ ಐಡ್ಲಿಂಗ್‌ನಲ್ಲಿ ಟೆಲ್-ಟೇಲ್ ಒಳಗೆ ಹೋಗಲು ಶುರುವಾದರೆ, ಪೂರ್ತಿ ಪಂಪ್ ಬದಲಿಸಿ. ಈಗ ಮಾಡಬೇಕಾದ್ದು ಇಷ್ಟೇ: ಐನೂರು ಕಿಲೋಮೀಟರ್ ಆದ ಮೇಲೆ ಟ್ಯಾಂಕಿನ ಮತ್ತು ಸಂಪಿನ ಜಾಲರಿ ಬಿಚ್ಚಿ ನೋಡಿ. ಅದೇ ಕೆಂಪು ಸೀಲಂಟ್ ಇನ್ನೂ ಸಿಕ್ಕರೆ ಫೀಡ್ ಯೂನಿಯನ್, ಪೈಪ್ ಎಲ್ಲ ಬಿಚ್ಚಿ ತೊಳೆಯಿರಿ, ಇಲ್ಲಾಂದ್ರ ಅದೇ ಬಾಲಿನ ಕೆಳಗ ಮತ್ತ ಬಂದು ಕೂರತೈತಿ.